ಇಂಗ್ಲೆಂಡಿನಲ್ಲಿ ಓದುವಾಗ ಬಸುರಾದರೆ: ಬಾಡಿಗೆ ಕರಾರನ್ನು ಅವಧಿಗೆ ಮುಂಚೆ ಮುಗಿಸುವ ದಾರಿ

ಇಂಗ್ಲೆಂಡಿಗೆ ಓದಲು ಬರುವವರು ಸೆಪ್ಟೆಂಬರ್‌ನಲ್ಲಿ ರೂಮಿಗೆ ಸಹಿ ಹಾಕುತ್ತಾರೆ. ಹಾಲ್ಸ್, ಅಂದರೆ ವಿದ್ಯಾರ್ಥಿ ಹಾಸ್ಟೆಲ್ ಆದರೆ ಕರಾರು 44 ವಾರವೋ 51 ವಾರವೋ ಇರುತ್ತದೆ. ನಾಲ್ಕೈದು ಜನ ಸೇರಿ ಹಿಡಿದ ಮನೆಯಾದರೆ ಒಂದೇ ಕಾಗದದ ಮೇಲೆ ಎಲ್ಲರ ಸಹಿ. ಮಧ್ಯದಲ್ಲಿ ಬಿಡಬೇಕಾದೀತು ಅಂತ ಆ ಹೊತ್ತಿನಲ್ಲಿ ಯಾರಿಗೂ ಹೊಳೆಯುವುದಿಲ್ಲ. ಆಮೇಲೆ ಬಸುರು ನಿಂತದ್ದು ಗೊತ್ತಾಗುತ್ತದೆ. ಲಿಫ್ಟ್ ಇಲ್ಲದ ಮೂರನೇ ಮಹಡಿ, ಆರು ಜನಕ್ಕೆ ಒಂದೇ ಅಡುಗೆಮನೆ, ತೊಟ್ಟಿಲು ಇಡಲು ಜಾಗವಿಲ್ಲದ ರೂಮು. ಕೆಲವರಿಗೆ ದೊಡ್ಡ ಮನೆ ಬೇಕು, ಕೆಲವರಿಗೆ ತವರಿಗೆ ಹೋಗಿ ಹೆರಿಗೆ, ಬಾಣಂತನ ಮುಗಿಸಿಕೊಳ್ಳಬೇಕು. ಎರಡಕ್ಕೂ ಮೊದಲು ಈ ಕರಾರಿನಿಂದ ಬಿಡಿಸಿಕೊಳ್ಳಬೇಕು.

ಕಹಿ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಬಸುರಾಗಿದ್ದೇನೆ ಎಂಬ ಒಂದೇ ಕಾರಣಕ್ಕೆ ಬಾಡಿಗೆ ಕರಾರು ಮುರಿಯುವ ಹಕ್ಕು ಇಂಗ್ಲೆಂಡಿನ ಕಾನೂನಿನಲ್ಲಿ ಇಲ್ಲ. ನೀವು ಯಾವ ಬಗೆಯ ಕಾಗದಕ್ಕೆ ಸಹಿ ಹಾಕಿದ್ದೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಕೆಲವರಿಗೆ ಎರಡು ತಿಂಗಳ ನೋಟಿಸ್ ಸಾಕು, ಕಾರಣವನ್ನೇ ಹೇಳಬೇಕಿಲ್ಲ. ಇನ್ನು ಕೆಲವರು ಮಾಲೀಕರನ್ನು ಒಪ್ಪಿಸಲೇಬೇಕು. ಬಸುರಿನ ಮಾತು ತೂಕಕ್ಕೆ ಬರುವುದು ಈ ಎರಡನೆಯವರಿಗೆ. ಹಾಗಾಗಿ ಯಾರಿಗಾದರೂ ಇಮೇಲ್ ಕಳಿಸುವ ಮೊದಲು ಕಾಗದ ತೆಗೆದು ಓದಿ.

ಮೊದಲ ಹೆಜ್ಜೆ: ನಿಮ್ಮದು ಯಾವ ಬಗೆಯ ಕರಾರು?

ಇಂಗ್ಲೆಂಡಿನಲ್ಲಿ 2025ರಲ್ಲಿ ಬಾಡಿಗೆದಾರರ ಹಕ್ಕುಗಳ ಹೊಸ ಕಾಯ್ದೆ ಬಂತು. ಅದರ ಮುಖ್ಯ ಭಾಗ ಅನ್ವಯವಾಗುವುದು 2026ರ ಮೇ 1ರಿಂದ. ಅಲ್ಲಿಯವರೆಗೆ ಖಾಸಗಿ ಮನೆಗಳ ಕರಾರು ಹೆಚ್ಚಾಗಿ ಇಷ್ಟು ತಿಂಗಳು ಅಂತ ಕಟ್ಟಿಹಾಕುವಂಥದ್ದು. ಮೇ 1ರಿಂದ ಆ ನಿಗದಿತ ಅವಧಿಯೇ ಇಲ್ಲ. ಕಾಗದದಲ್ಲಿ 12 ತಿಂಗಳು ಅಂತ ಅಚ್ಚಾಗಿದ್ದರೂ ಕರಾರು ತಿಂಗಳಿಂದ ತಿಂಗಳಿಗೆ ಮುಂದುವರಿಯುವಂಥದ್ದಾಗುತ್ತದೆ. ಬಾಡಿಗೆದಾರರು ಯಾವಾಗ ಬೇಕಾದರೂ ಎರಡು ತಿಂಗಳ ನೋಟಿಸ್ ಕೊಟ್ಟು ಹೋಗಬಹುದು. ಹಳೇ ಇಸವಿಯ ಲೇಖನಗಳನ್ನು ಓದಿ ಹೆದರಿ ಕೂತವರು ಇದನ್ನು ಗಮನಿಸಿ.

ಆದರೆ ಎಲ್ಲ ವಿದ್ಯಾರ್ಥಿ ರೂಮುಗಳಿಗೂ ಇದು ಅನ್ವಯಿಸುವುದಿಲ್ಲ. ಸಾಮಾನ್ಯವಾಗಿ ನಮ್ಮವರು ಇರುವ ಜಾಗಗಳು ನಾಲ್ಕು ಬಗೆ.

ಖಾಸಗಿ ಮಾಲೀಕರಿಂದ ಹಿಡಿದ ಮನೆ ಅಥವಾ ಅದರೊಳಗಿನ ರೂಮು. ಮಾಲೀಕರು ಅದೇ ಮನೆಯಲ್ಲಿ ಇಲ್ಲದಿದ್ದರೆ ಎರಡು ತಿಂಗಳ ನೋಟಿಸ್‌ನ ಹಕ್ಕು ನಿಮ್ಮದು.

ವಿಶ್ವವಿದ್ಯಾಲಯವೇ ನಡೆಸುವ ಹಾಲ್ಸ್. ಇದು ಈ ಕಾಯ್ದೆಯ ವ್ಯಾಪ್ತಿಯ ಹೊರಗೆ. ಕರಾರಿನಲ್ಲಿ ಏನು ಬರೆದಿದೆಯೋ ಅದೇ ಲೆಕ್ಕ.

ಖಾಸಗಿ ಕಂಪನಿ ಕಟ್ಟಿದ ದೊಡ್ಡ ವಿದ್ಯಾರ್ಥಿ ಕಟ್ಟಡ. ಕೆಳಗೆ ರಿಸೆಪ್ಷನ್, ಜಿಮ್, ಪಾರ್ಸೆಲ್ ಲಾಕರ್ ಇರುವಂಥದ್ದು. ಸರ್ಕಾರ ಒಪ್ಪಿದ ನಿಯಮಾವಳಿಗೆ ಸದಸ್ಯರಾದ ಕಂಪನಿಗಳಿಗೆ ಹೊಸ ಕಾಯ್ದೆಯಿಂದ ವಿನಾಯಿತಿ ಇದೆ, ಅಲ್ಲಿ ನಿಗದಿತ ಅವಧಿ ಮುಂದುವರಿಯುತ್ತದೆ. ಇಲ್ಲೊಂದು ಸೂಕ್ಷ್ಮ ಇದೆ. ಕಂಪನಿ ಸದಸ್ಯ ಅಲ್ಲದಿದ್ದರೆ ವಿನಾಯಿತಿಯೂ ಇಲ್ಲ. ಆದ್ದರಿಂದ ನಿಮ್ಮ ಕಟ್ಟಡ ಯಾವ ನಿಯಮಾವಳಿಯಲ್ಲಿದೆ ಅಂತ ಕೇಳಿ, ಉತ್ತರವನ್ನು ಇಮೇಲ್‌ನಲ್ಲೇ ಪಡೆಯಿರಿ. ಮೇ 1ಕ್ಕಿಂತ ಮೊದಲು ಸಹಿಯಾದ ಕಾಗದವಾದರೆ ಆ ದಿನಾಂಕವನ್ನು ಸ್ಟೂಡೆಂಟ್ಸ್ ಯೂನಿಯನ್‌ನ ಸಲಹೆಗಾರರಿಗೆ ತೋರಿಸಿ. ಲೆಕ್ಕ ಬದಲಾಗಬಹುದು.

ನಾಲ್ಕನೆಯದು ಮಾಲೀಕರ ಮನೆಯಲ್ಲೇ ಒಂದು ರೂಮು, ನಮ್ಮ ಪೇಯಿಂಗ್ ಗೆಸ್ಟ್ ಥರ. ಇಲ್ಲಿ ಬಾಡಿಗೆದಾರರಿಗೆ ಕಾನೂನಿನ ರಕ್ಷಣೆ ತೀರಾ ಕಡಿಮೆ. ಆದರೆ ಬಿಡುವುದು ಹೆಚ್ಚಾಗಿ ಸುಲಭ. ಕಾಗದದಲ್ಲಿ ಬರೆದಷ್ಟು ನೋಟಿಸ್ ಕೊಟ್ಟರೆ ಮುಗಿಯಿತು. ಅಂಥ ಮನೆಗಳಲ್ಲಿ ಎದುರು ಕೂತು ಮಾತಾಡಿದರೆ ಅರ್ಧ ಕೆಲಸ ಆಗಿಬಿಡುತ್ತದೆ.

ಸ್ಕಾಟ್ಲೆಂಡ್‌ನಲ್ಲಿ ಇರುವವರಿಗೆ ಎರಡು ಮಾತು: 2017ರ ಡಿಸೆಂಬರ್‌ನಿಂದ ಅಲ್ಲಿ ಖಾಸಗಿ ಮನೆಗಳಿಗೆ 28 ದಿನದ ನೋಟಿಸ್ ಸಾಕು, ಆದರೆ ಜಂಟಿ ಕರಾರಾದರೆ ಎಲ್ಲರೂ ಸೇರಿ ಕೊಡಬೇಕು, ಮತ್ತು ಹಾಲ್ಸ್‌ಗೆ ಅದು ಅನ್ವಯಿಸುವುದಿಲ್ಲ. ವೇಲ್ಸ್‌ನಲ್ಲಿ 2022ರ ಡಿಸೆಂಬರ್‌ನಿಂದ ಬೇರೆಯದೇ ಕಾನೂನು ಇದೆ. ಮುಂದೆ ಹೇಳುವುದೆಲ್ಲ ಇಂಗ್ಲೆಂಡಿನ ಲೆಕ್ಕ.

ಕಾಗದದಲ್ಲಿ ಏನೇನು ಹುಡುಕಬೇಕು

ಪಿಡಿಎಫ್ ತೆರೆದು ಮೂರು ವಿಷಯ ಹುಡುಕಿ. ಒಂದು, ಬ್ರೇಕ್ ಕ್ಲಾಜ್. ಅಂದರೆ ಇಷ್ಟು ತಿಂಗಳಾದ ಮೇಲೆ ಇಷ್ಟು ನೋಟಿಸ್ ಕೊಟ್ಟು ಬಿಡಬಹುದು ಎಂಬ ಸಾಲು. ಎರಡು, ಕೋರ್ಸ್ ಬಿಟ್ಟರೆ ಅಥವಾ ನಿಲ್ಲಿಸಿದರೆ ಏನಾಗುತ್ತದೆ ಅನ್ನುವ ಸಾಲು. ವಿಶ್ವವಿದ್ಯಾಲಯದ ಹಾಲ್ಸ್‌ನಲ್ಲಿ ಇದು ಸಾಮಾನ್ಯವಾಗಿ ಇರುತ್ತದೆ. ಮೂರು, ರೂಮಿನಲ್ಲಿ ಎಷ್ಟು ಜನ ಇರಬಹುದು ಅನ್ನುವುದು. ಬಹುತೇಕ ವಿದ್ಯಾರ್ಥಿ ರೂಮು ಒಬ್ಬರಿಗೆ ಮಾತ್ರ.

ಈ ಮೂರನೆಯದನ್ನು ಹೆಚ್ಚಿನವರು ಓದದೇ ದಾಟುತ್ತಾರೆ. ಆದರೆ ನಿಮ್ಮ ಕೈಯಲ್ಲಿರುವ ಗಟ್ಟಿ ವಾದ ಇದೇ. ಮಗು ಹುಟ್ಟಿದ ಮೇಲೆ ಈ ರೂಮಿನಲ್ಲಿ ಇರಲು ನಿಮ್ಮ ಕರಾರೇ ಬಿಡುವುದಿಲ್ಲ. ಅಂದರೆ ಒಂದಲ್ಲ ಒಂದು ದಿನ ನೀವು ಹೋಗಲೇಬೇಕು. ಅದು ಮಾಲೀಕರಿಗೂ ತಲೆನೋವು. ಹಾಗಿರುವಾಗ ಹೊಸ ಬಾಡಿಗೆದಾರರು ಸಿಗುವ ಸಮಯದಲ್ಲೇ ಬಿಡಿಸಿ ಅಂತ ಕೇಳುವುದರಲ್ಲಿ ತಪ್ಪೇನಿದೆ? ಹಲವರು ಹಂಚಿಕೊಳ್ಳುವ ಲೈಸೆನ್ಸ್ ಇರುವ ಮನೆಯಲ್ಲಿ ಒಬ್ಬ ವಯಸ್ಕರು ಮಲಗುವ ಕೋಣೆ ಕಡಿಮೆ ಎಂದರೆ 6.51 ಚದರ ಮೀಟರ್ ಇರಬೇಕು, ಇಬ್ಬರಾದರೆ 10.22 ಎಂಬ ನಿಯಮ 2018ರಿಂದ ಇದೆ. ಆ ಮನೆಯಲ್ಲಿ ಒಟ್ಟು ಎಷ್ಟು ಜನ ಇರಬಹುದು ಅನ್ನುವುದನ್ನೂ ಲೈಸೆನ್ಸ್‌ನಲ್ಲಿ ಬರೆದಿರುತ್ತಾರೆ. ಗಂಡನೂ ಬಂದು ಸೇರಿಕೊಳ್ಳಲಿ ಅಂತ ಸುಮ್ನೆ ತೀರ್ಮಾನ ಮಾಡಿಬಿಡಬೇಡಿ.

ಇನ್ನೊಂದು ಪ್ರಶ್ನೆ: ಕರಾರು ನಿಮ್ಮೊಬ್ಬರದೋ ಜಂಟಿಯೋ? ನಿಮ್ಮ ರೂಮಿಗೆ ಬೇರೆ ಕಾಗದ ಇದ್ದರೆ ಬದುಕಿದಿರಿ. ಎಲ್ಲರೂ ಒಂದೇ ಕಾಗದಕ್ಕೆ ಸಹಿ ಹಾಕಿದ್ದರೆ ಎರಡು ತೊಡಕು. ನಿಮ್ಮ ಪಾಲಿನ ಬಾಡಿಗೆ ನಿಂತರೆ ಮಾಲೀಕರು ಅದನ್ನು ಉಳಿದವರಿಂದ ಕೇಳಬಹುದು. ಮತ್ತು ತಿಂಗಳಿಂದ ತಿಂಗಳಿಗೆ ನಡೆಯುವ ಜಂಟಿ ಕರಾರಿನಲ್ಲಿ ಒಬ್ಬರು ನೋಟಿಸ್ ಕೊಟ್ಟರೆ ಸಾಕು, ಇಡೀ ಮನೆಯ ಕರಾರೇ ಮುಗಿಯುತ್ತದೆ. ನಿಮ್ಮ ಒಂದು ಇಮೇಲ್‌ನಿಂದ ಪರೀಕ್ಷೆಗೆ ಓದುತ್ತಾ ಕೂತ ಮೂವರು ಮನೆ ಹುಡುಕಬೇಕಾದೀತು. ಆದ್ದರಿಂದ ಜಂಟಿ ಕರಾರಿನಲ್ಲಿ ಮೊದಲ ಮಾತು ಹೌಸ್‌ಮೇಟ್‌ಗಳ ಜೊತೆ, ಆಮೇಲೆ ಏಜೆಂಟ್ ಜೊತೆ.

ಯಾವಾಗ, ಯಾರಿಗೆ ಹೇಳಬೇಕು

ನಮ್ಮ ಮನೆಗಳಲ್ಲಿ ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬೇಡ ಅಂತಾರೆ. ಇಲ್ಲಿನ ಬಾಡಿಗೆ ಲೆಕ್ಕಕ್ಕೆ ಆ ಮೂರು ತಿಂಗಳು ತುಂಬಾ ಮುಖ್ಯ. ಎರಡನ್ನೂ ಹೊಂದಿಸಿಕೊಂಡು ಹೋಗಬಹುದು. ಕಾರಣ ಹೇಳದೆಯೇ ಕರಾರು ಓದಬಹುದು, ಬೇರೆ ರೂಮುಗಳ ಬಗ್ಗೆ ವಿಚಾರಿಸಬಹುದು, "ಬೇಗ ಬಿಡಬೇಕಾದರೆ ಏನು ಕ್ರಮ?" ಅಂತ ಏಜೆಂಟ್‌ಗೆ ಕೇಳಬಹುದು. ಎರಡು ತಿಂಗಳ ನೋಟಿಸ್‌ನ ಹಕ್ಕಿದ್ದರೆ ಬಸುರಿನ ಸುದ್ದಿ ಮಾಲೀಕರಿಗೆ ಗೊತ್ತಾಗಲೇಬೇಕು ಅಂತೇನಿಲ್ಲ.

ಸ್ಟೂಡೆಂಟ್ಸ್ ಯೂನಿಯನ್‌ನಲ್ಲಿ ಸಾಮಾನ್ಯವಾಗಿ ಒಂದು ಸಲಹಾ ಕೇಂದ್ರ ಇರುತ್ತದೆ. ಹಣ ಕೊಡಬೇಕಿಲ್ಲ. ಹೇಳಿದ್ದು ಅವರ ಹತ್ತಿರವೇ ಉಳಿಯುತ್ತದೆ, ನಿಮ್ಮ ಒಪ್ಪಿಗೆಯಿಲ್ಲದೆ ವಿಭಾಗಕ್ಕೆ ಹೋಗುವುದಿಲ್ಲ. ಬಾಡಿಗೆ ಕರಾರು ಓದುವುದು ಅವರ ದಿನನಿತ್ಯದ ಕೆಲಸ. ನನ್ನ ಪ್ರಕಾರ ಮೊದಲು ಹೋಗಬೇಕಾದ ಬಾಗಿಲು ಇದೇ. ಸೀನಿಯರ್ ಕೊಟ್ಟ ವಾಟ್ಸಾಪ್ ಸಲಹೆ ಅವರವರ ಕರಾರಿಗೆ ಸರಿ ಇದ್ದೀತು, ನಿಮ್ಮದಕ್ಕೆ ಅಲ್ಲ. ಕ್ಯಾಂಪಸ್‌ನ ಹೊರಗೆ ಶೆಲ್ಟರ್ ಮತ್ತು ಸಿಟಿಜನ್ಸ್ ಅಡ್ವೈಸ್ ಸಂಸ್ಥೆಗಳೂ ಪುಕ್ಕಟೆಯಾಗಿ ಸಲಹೆ ಕೊಡುತ್ತವೆ.

ಈಗ ದಿನಗಳ ಲೆಕ್ಕ. ಊರಿಗೆ ಹೋಗಿ ಹೆರಿಗೆ ಅಂತ ತೀರ್ಮಾನ ಮಾಡಿದ್ದೀರಿ ಅಂದುಕೊಳ್ಳಿ. 28 ವಾರ ದಾಟಿದ ಮೇಲೆ ವಿಮಾನ ಕಂಪನಿಗಳು ವೈದ್ಯರ ಅಥವಾ ಮಿಡ್‌ವೈಫ್‌ರ (ಬಸುರು, ಹೆರಿಗೆ ನೋಡಿಕೊಳ್ಳುವ ತರಬೇತಾದ ಸೂಲಗಿತ್ತಿ) ಪತ್ರ ಕೇಳಬಹುದು. 37 ವಾರದ ನಂತರ ಸಾಮಾನ್ಯವಾಗಿ ಹತ್ತಿಸಿಕೊಳ್ಳುವುದಿಲ್ಲ, ಅವಳಿ ಆದರೆ ಸುಮಾರು 32 ವಾರಕ್ಕೇ ನಿಲ್ಲುತ್ತದೆ. ನೀವು 30ನೇ ವಾರದಲ್ಲಿ ಹೊರಡುವುದಾದರೆ ಎರಡು ತಿಂಗಳ ನೋಟಿಸ್ 21ನೇ ವಾರಕ್ಕೆ ಹೋಗಬೇಕು. ಅಷ್ಟೇ ಅಲ್ಲ, ನೋಟಿಸ್ ಮುಗಿಯುವ ದಿನ ಬಾಡಿಗೆ ಕಟ್ಟುವ ದಿನಕ್ಕೋ ಅದರ ಹಿಂದಿನ ದಿನಕ್ಕೋ ಹೊಂದಬೇಕು. ಬಾಡಿಗೆ ದಿನ 1ನೇ ತಾರೀಕು, ನೀವು ನೋಟಿಸ್ ಕೊಟ್ಟದ್ದು 3ಕ್ಕೆ ಅಂದರೆ ಲೆಕ್ಕ ಹೆಚ್ಚುಕಡಿಮೆ ಒಂದು ತಿಂಗಳು ಮುಂದಕ್ಕೆ ಜಾರುತ್ತದೆ. ಅದನ್ನೂ ಸೇರಿಸಿದರೆ 17ನೇ ವಾರದ ಹೊತ್ತಿಗೆ ಕಾಗದ ತಯಾರಿರಬೇಕು. ಸೀಮಂತದ ದಿನ ನೋಡುವುದಕ್ಕೂ ಮೊದಲು ಈ ದಿನ ನೋಡಿ.

ಹೆರಿಗೆ ಇಲ್ಲೇ, ಮನೆ ಮಾತ್ರ ಬದಲು ಅನ್ನುವವರಿಗೆ ಇಷ್ಟು ಬಿಗಿ ಇಲ್ಲ. ಆದರೆ ಏಳೂವರೆ ತಿಂಗಳ ಹೊಟ್ಟೆ ಹೊತ್ತು ಸೂಟ್‌ಕೇಸ್ ಎತ್ತುವುದು ಬೇಡ. ಐದಾರು ತಿಂಗಳೊಳಗೆ ಸಾಗಿಬಿಡಿ.

ಪುರಾವೆ

ಬಸುರಿಗೆ ಪುರಾವೆಯಾಗಿ ಇಲ್ಲಿ ಎಲ್ಲರೂ ಒಪ್ಪುವ ಕಾಗದ ಮ್ಯಾಟ್ ಬಿ1 ಎಂಬ ಸರ್ಟಿಫಿಕೇಟ್. ಮಿಡ್‌ವೈಫ್ ಅಥವಾ ಜಿಪಿ (ನಿಮ್ಮ ಹೆಸರು ದಾಖಲಾದ ಸ್ಥಳೀಯ ಡಾಕ್ಟರು) ಕೊಡುತ್ತಾರೆ. ಆದರೆ ಹೆರಿಗೆಯ ವಾರಕ್ಕೆ 20 ವಾರಕ್ಕಿಂತ ಮುಂಚೆ ಕೊಡುವಂತಿಲ್ಲ. ಅಂದರೆ ಮೇಲಿನ ಲೆಕ್ಕದಲ್ಲಿ ನೋಟಿಸ್ ಕೊಡುವ ಹೊತ್ತಿಗೆ ಅದು ಕೈಗೆ ಬಂದಿರುವುದಿಲ್ಲ. ಅದಕ್ಕೆ ಕಾಯಬೇಡಿ. ಜಿಪಿ ಅಥವಾ ಮಿಡ್‌ವೈಫ್ ಹತ್ತಿರ ಹೆರಿಗೆಯ ಅಂದಾಜು ದಿನ ಬರೆದ ಒಂದು ಸಾಲಿನ ಪತ್ರ ಕೇಳಿ. ಮೊದಲ ಸ್ಕ್ಯಾನ್ ಆಗುವುದು ಸುಮಾರು 12ನೇ ವಾರದಲ್ಲಿ. ಅದಾದ ಮೇಲೆ ದಿನಾಂಕ ಗಟ್ಟಿಯಾಗುತ್ತದೆ.

ಮಾಲೀಕರಿಗೆ ಸ್ಕ್ಯಾನ್ ಚಿತ್ರ, ರಕ್ತಪರೀಕ್ಷೆಯ ವರದಿ ಕಳಿಸುವ ಅಗತ್ಯ ಖಂಡಿತ ಇಲ್ಲ. ನಿಮ್ಮ ಹೆಸರು, ಅಂದಾಜು ದಿನ, ಸಹಿ ಕಂಡರೆ ಸಾಕು. ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಸಂಖ್ಯೆಯನ್ನು ಮುಚ್ಚಿ ಕಳಿಸಿ.

ಎರಡು ತಿಂಗಳ ಹಕ್ಕಿದ್ದವರು

ನಿಮ್ಮ ಕೆಲಸ ಸುಲಭ. ಬರಹದಲ್ಲಿ ನೋಟಿಸ್ ಕೊಡಿ. ಮನೆಯ ಪೂರ್ತಿ ವಿಳಾಸ, ಕರಾರು ಮುಗಿಯುವ ದಿನ, ಎಲ್ಲ ಬಾಡಿಗೆದಾರರ ಹೆಸರು ಇರಲಿ. ಇಮೇಲ್ ತಲುಪಿತು ಅಂತ ಒಂದು ಉತ್ತರ ಬರೆಸಿಕೊಳ್ಳಿ. ಎರಡು ತಿಂಗಳಿಗಿಂತ ಕಡಿಮೆಯಲ್ಲಿ ಬಿಡಿಸಿ ಅಂತ ಕೇಳುವುದಕ್ಕೂ ಅಡ್ಡಿಯಿಲ್ಲ, ಆದರೆ ಅದು ಮಾಲೀಕರ ಒಪ್ಪಿಗೆಗೆ ಬಿಟ್ಟದ್ದು. ಬಸುರಿನ ವಿಷಯ ಹೇಳುವುದಾದರೆ ಇಲ್ಲಿ ಹೇಳಿ. ನೋಟಿಸ್ ಒಂದು ಸಲ ಕೊಟ್ಟ ಮೇಲೆ ನಿಮ್ಮೊಬ್ಬರ ಇಷ್ಟಕ್ಕೆ ವಾಪಸ್ ತಗೊಳ್ಳುವಂತಿಲ್ಲ. ಆದ್ದರಿಂದ ಮುಂದಿನ ಮನೆ ಅಥವಾ ಟಿಕೆಟ್ ಪಕ್ಕಾ ಆಗುವವರೆಗೆ ಅವಸರ ಬೇಡ. ವಿದ್ಯಾರ್ಥಿ ವೀಸಾದವರಿಗೆ ಸರ್ಕಾರಿ ನೆರವು ಸಿಗುವುದಿಲ್ಲ, ಕೌನ್ಸಿಲ್ (ಊರಿನ ಸ್ಥಳೀಯ ಆಡಳಿತ) ಕೊಡುವ ಮನೆಯೂ ಸಿಗುವುದಿಲ್ಲ. ಮನೆ ಇಲ್ಲದೆ ಬೀದಿಗೆ ಬಿದ್ದರೆ ಹಿಡಿಯಲು ಕೈ ಕಡಿಮೆ.

ಹಕ್ಕಿಲ್ಲದವರು: ಒಪ್ಪಿಸುವ ಕೆಲಸ

ಹಾಲ್ಸ್‌ನಲ್ಲಿರುವವರಿಗೆ, ನಿಗದಿತ ಅವಧಿಯಲ್ಲಿ ಸಿಕ್ಕಿಕೊಂಡವರಿಗೆ ಈ ಭಾಗ. ಕೇಳುವಾಗ ಒಂದೇ ದಾರಿ ಹಿಡಿದು ಕೂರಬೇಡಿ, ಮೂರನ್ನೂ ಒಟ್ಟಿಗೆ ಮುಂದಿಡಿ.

ಮೊದಲನೆಯದು ವರ್ಗಾವಣೆ. ಬಿಡುವುದಕ್ಕಿಂತ ಬದಲಾಯಿಸುವುದನ್ನು ಮಾಲೀಕರು ಬೇಗ ಒಪ್ಪುತ್ತಾರೆ, ಯಾಕೆಂದರೆ ಬಾಡಿಗೆ ಅವರ ಹತ್ತಿರವೇ ಉಳಿಯುತ್ತದೆ. ಹಲವು ವಿಶ್ವವಿದ್ಯಾಲಯಗಳಲ್ಲಿ ಕುಟುಂಬಗಳಿಗೆ ಅಂತ ಬೇರೆ ಫ್ಲಾಟುಗಳಿವೆ. ಸಂಖ್ಯೆ ಕಡಿಮೆ, ಕಾಯುವ ಪಟ್ಟಿ ಉದ್ದ. ಬಸುರು ಗೊತ್ತಾದ ವಾರವೇ ಹೆಸರು ಬರೆಸಿ.

ಎರಡನೆಯದು ಬದಲಿ ಬಾಡಿಗೆದಾರರು. ನಿಮ್ಮ ಜಾಗಕ್ಕೆ ಇನ್ನೊಬ್ಬ ವಿದ್ಯಾರ್ಥಿಯನ್ನು ತಂದುಕೊಟ್ಟರೆ ಕರಾರು ಅವರ ಹೆಸರಿಗೆ ಹೋಗುತ್ತದೆ. ನಮ್ಮವರಿಗೆ ಇಲ್ಲಿ ಒಂದು ಅನುಕೂಲ ಇದೆ. ಜನವರಿ ಬ್ಯಾಚಿಗೆ ಭಾರತದಿಂದ ತುಂಬಾ ಜನ ಬರುತ್ತಾರೆ. ಡಿಸೆಂಬರ್‌ನಿಂದ ಜನವರಿ ಕೊನೆಯವರೆಗೆ ರೂಮು ಸಿಗದೆ ಪರದಾಡುತ್ತಾರೆ. ಊರಿನ ಕನ್ನಡ ಕೂಟದ ವಾಟ್ಸಾಪ್ ಗುಂಪು, ವಿಶ್ವವಿದ್ಯಾಲಯದ ಭಾರತೀಯ ವಿದ್ಯಾರ್ಥಿಗಳ ಗುಂಪು, ಎರಡರಲ್ಲೂ ಹಾಕಿ. ರೂಮಿನ ಫೋಟೋ, ವಾರದ ಬಾಡಿಗೆ, ಕರಾರು ಮುಗಿಯುವ ದಿನ, ಬಸ್ಸಿನ ನಂಬರು ಬರೆದರೆ ಕೇಳುವವರು ಜಾಸ್ತಿ. ಫೆಬ್ರವರಿ ದಾಟಿದರೆ ಬದಲಿ ಸಿಗುವುದು ಕಷ್ಟ. ಬಂದವರು ಮಾಲೀಕರ ತಪಾಸಣೆ ದಾಟಬೇಕು, ಹೊಸ ಕಾಗದಕ್ಕೆ ಸಹಿ ಹಾಕಬೇಕು. ಮಾಲೀಕರಿಗೆ ಗೊತ್ತಿಲ್ಲದೆ ಕೀ ಕೊಟ್ಟು ಬಾಡಿಗೆಯನ್ನು ನಿಮ್ಮ ಅಕೌಂಟಿಗೆ ಹಾಕಿಸಿಕೊಂಡರೆ ನೀವೇ ಕರಾರು ಮುರಿದಂತೆ. ಕೀ ಪಡೆದವರು ಬಾಡಿಗೆ ಕಟ್ಟದೆ ಹೋದರೂ ಬಿಲ್ ಬರುವುದು ನಿಮಗೆ.

ಮೂರನೆಯದು ಪರಸ್ಪರ ಒಪ್ಪಿ ಕರಾರು ಮುಗಿಸುವುದು. ಇದಕ್ಕೆ ಇಲ್ಲಿ ಸರೆಂಡರ್ ಅಂತಾರೆ. ಮಾಲೀಕರು ಸ್ವಲ್ಪ ಹಣ ಕೇಳಬಹುದು. ಎಷ್ಟು ಕೇಳಬಹುದು ಅನ್ನುವುದಕ್ಕೆ 2019ರ ಬಾಡಿಗೆದಾರರ ಶುಲ್ಕ ಕಾಯ್ದೆಯಲ್ಲಿ ಮಿತಿ ಇದೆ, ಅದು ವಿದ್ಯಾರ್ಥಿ ರೂಮುಗಳಿಗೂ ಅನ್ವಯಿಸುತ್ತದೆ. ಬೇಗ ಬಿಟ್ಟದ್ದಕ್ಕೆ ಮಾಲೀಕರಿಗೆ ನಿಜವಾಗಿ ಆದ ನಷ್ಟಕ್ಕಿಂತ ಜಾಸ್ತಿ ಕೇಳುವಂತಿಲ್ಲ. ಬಾಡಿಗೆದಾರರ ಹೆಸರು ಬದಲಿಸುವುದಕ್ಕೆ 50 ಪೌಂಡ್, ಅದಕ್ಕಿಂತ ಖರ್ಚು ಜಾಸ್ತಿಯಾಗಿದ್ದರೆ ಸಮಂಜಸವಾದ ಖರ್ಚು ಮಾತ್ರ.

ಒಂದು ಉದಾಹರಣೆ ಹಾಕಿ ನೋಡೋಣ. ವಾರಕ್ಕೆ 170 ಪೌಂಡ್ ಬಾಡಿಗೆ, ಇನ್ನೂ 24 ವಾರ ಬಾಕಿ. ಸುಮ್ನೆ ಬಿಟ್ಟು ಹೋದರೆ ತಲೆ ಮೇಲಿನ ಮೊತ್ತ 4,080 ಪೌಂಡ್. ನೀವು ಹೋದ ಐದು ವಾರಕ್ಕೆ ಅದೇ ಬಾಡಿಗೆಗೆ ಇನ್ನೊಬ್ಬರು ಬಂದರು ಅಂದರೆ ನಷ್ಟ ಐದು ವಾರದ 850 ಪೌಂಡ್, ಜೊತೆಗೆ ಕಾಗದದ ಖರ್ಚು. ಏಜೆಂಟ್ "ಎಲ್ಲಾ 24 ವಾರದ್ದೂ ಕಟ್ಟಿ" ಅಂದರೆ ಈ ಲೆಕ್ಕ ಬರೆದು ಕಳಿಸಿ, ನಷ್ಟದ ಪಟ್ಟಿ ಕೇಳಿ. ಹೊಸಬರು ಬಂದ ಮೇಲೂ ನಿಮ್ಮಿಂದ ಬಾಡಿಗೆ ತಗೊಳ್ಳುವುದು, ಒಂದೇ ರೂಮಿಗೆ ಎರಡು ಬಾಡಿಗೆ, ಸಲ್ಲದು.

ಆದರೆ ಇದರ ಇನ್ನೊಂದು ಮಗ್ಗುಲೂ ಗೊತ್ತಿರಲಿ. ನೀವು ಒಪ್ಪಂದ ಇಲ್ಲದೆ ಕೀ ಕೌಂಟರ್ ಮೇಲಿಟ್ಟು ಹೋದರೆ, ಹೊಸಬರನ್ನು ಹುಡುಕಲೇಬೇಕು ಅಂತ ಮಾಲೀಕರಿಗೆ ಕಾನೂನಿನ ಕಟ್ಟುನಿಟ್ಟು ಇಲ್ಲ. ರೂಮು ಖಾಲಿ ಇಟ್ಟು ಬಾಡಿಗೆ ಕೇಳುತ್ತಾ ಹೋಗಬಹುದು. ನೀವು ಊರಿಗೆ ಹೋದರೂ ಇಲ್ಲಿರುವ ಗ್ಯಾರಂಟರ್‌ನನ್ನು, ಅಂದರೆ ನಿಮ್ಮ ಬಾಡಿಗೆಗೆ ಜಾಮೀನು ನಿಂತವರನ್ನು ಹಿಡಿಯುತ್ತಾರೆ. ಎಷ್ಟೋ ಜನ ಗ್ಯಾರಂಟಿ ಕೊಡುವುದು ಇಲ್ಲಿ ನೆಲೆಸಿದ ಮಾವನೋ ಅಕ್ಕನ ಗಂಡನೋ ಆಗಿರುತ್ತಾರೆ, ಅಲ್ವಾ? ಅವರ ಮನೆ ಬಾಗಿಲಿಗೆ ನೋಟಿಸ್ ಹೋಗುತ್ತದೆ.

ಪತ್ರ ಹೀಗಿರಲಿ

ಇಂಗ್ಲಿಷ್‌ನಲ್ಲೇ ಬರೆಯಬೇಕು. ತಿರುಳು ಇಷ್ಟು:

"ನಾನು ಇಂಥ ಕಟ್ಟಡದ ಇಂಥ ರೂಮಿನಲ್ಲಿ ಇಂಥ ದಿನದಿಂದ ಇದ್ದೇನೆ. ನನ್ನ ಕರಾರು ಇಂಥ ದಿನ ಮುಗಿಯುತ್ತದೆ. ನಾನು ಬಸುರಿ. ಹೆರಿಗೆಯ ಅಂದಾಜು ದಿನ ಇದು, ಮಿಡ್‌ವೈಫ್ ಪತ್ರ ಲಗತ್ತಿಸಿದ್ದೇನೆ. ನನ್ನ ಕರಾರಿನ ಇಂಥ ಅಂಶದ ಪ್ರಕಾರ ಈ ರೂಮು ಒಬ್ಬರಿಗೆ ಮಾತ್ರ, ಮಗುವಿನ ಜೊತೆ ಇಲ್ಲಿರಲು ಆಗುವುದಿಲ್ಲ. ಆದ್ದರಿಂದ ಇಂಥ ದಿನದಿಂದ ಕರಾರು ಮುಗಿಸಿಕೊಡಿ, ಅಥವಾ ಕುಟುಂಬ ಇರಬಹುದಾದ ಜಾಗಕ್ಕೆ ಬದಲಿಸಿಕೊಡಿ, ಅಥವಾ ನಾನು ತರುವ ಬದಲಿ ವಿದ್ಯಾರ್ಥಿಯನ್ನು ಒಪ್ಪಿಕೊಳ್ಳಿ. ರೂಮು ನೋಡಲು ಬರುವವರಿಗೆ ನಾನು ಅನುಕೂಲ ಮಾಡಿಕೊಡುತ್ತೇನೆ. ಇಂಥ ದಿನದೊಳಗೆ ಬರಹದಲ್ಲಿ ಉತ್ತರಿಸಿ. ಶುಲ್ಕ ಇದ್ದರೆ ಅದರ ವಿವರ ಕೊಡಿ."

ಅಳಲು ತೋಡಿಕೊಳ್ಳುವ ಪತ್ರ ಬೇಡ. ವಾಂತಿ, ನಿದ್ದೆಗೇಡು, ಒಂಟಿತನ ಎಲ್ಲ ನಿಜ, ಆದರೆ ಆಫೀಸಿನಲ್ಲಿ ಆ ಪತ್ರ ಓದುವವರಿಗೆ ಬೇಕಾದ್ದು ದಿನಾಂಕ ಮತ್ತು ಕರಾರಿನ ಅಂಶದ ಸಂಖ್ಯೆ. ಉತ್ತರಕ್ಕೆ ಹತ್ತು ಹದಿನಾಲ್ಕು ದಿನ ಕೊಡಿ. ಫೋನಿನಲ್ಲಿ ಏನಾದರೂ ಒಪ್ಪಿದರೆ ಆ ಸಂಜೆಯೇ "ಇಂದು ನಾವು ಮಾತಾಡಿದಂತೆ" ಅಂತ ಇಮೇಲ್ ಹಾಕಿಬಿಡಿ.

ಬಸುರಿ ಅಂತ ಸತಾಯಿಸಿದರೆ

2010ರ ಸಮಾನತೆ ಕಾಯ್ದೆ ಬಸುರು ಮತ್ತು ಬಾಣಂತನವನ್ನು ರಕ್ಷಿಸುತ್ತದೆ. ಬಾಡಿಗೆ ಮನೆ, ವಿಶ್ವವಿದ್ಯಾಲಯ ಎರಡಕ್ಕೂ ಇದು ಅನ್ವಯ, ಹೆರಿಗೆಯಾಗಿ 26 ವಾರದವರೆಗೆ ಜಾರಿಯಲ್ಲಿರುತ್ತದೆ. ಬಸುರಿ ಅನ್ನುವ ಕಾರಣಕ್ಕೆ ಹೊರಗೆ ಹಾಕುವುದು, ಬೇರೆಯವರಿಗೆ ಕೊಟ್ಟ ಸೌಲಭ್ಯ ನಿಮಗೆ ತಪ್ಪಿಸುವುದು, ಹೊಸ ಮನೆ ಕೇಳಿದಾಗ ಹೊಟ್ಟೆ ನೋಡಿ ಇಲ್ಲ ಅನ್ನುವುದು ತಾರತಮ್ಯ. 2026ರ ಮೇ 1ರಿಂದ ಇಂಗ್ಲೆಂಡಿನಲ್ಲಿ ಮಕ್ಕಳಿರುವವರಿಗೆ ಮನೆ ಕೊಡಲ್ಲ ಅಂತ ಒಟ್ಟಾರೆ ನಿರಾಕರಿಸುವುದಕ್ಕೂ ಹೊಸ ಕಾಯ್ದೆಯ ನಿಷೇಧ ಇದೆ. ಆದರೆ ಇದನ್ನು ತಪ್ಪಾಗಿ ಓದಬೇಡಿ. ಎಲ್ಲರನ್ನೂ ಕಟ್ಟಿಹಾಕುವ ಕರಾರು ನಿಮ್ಮನ್ನೂ ಕಟ್ಟಿಹಾಕಿದರೆ ಅಷ್ಟಕ್ಕೇ ಅದು ತಾರತಮ್ಯ ಆಗುವುದಿಲ್ಲ. ಕಾಲು ಮುರಿದ ವಿದ್ಯಾರ್ಥಿಯನ್ನು ಬಿಡಿಸಿ ನಿಮ್ಮನ್ನು ಬಿಡಿಸದಿದ್ದರೆ ಆಗ ಕೇಳುವ ಮಾತಿದೆ. ಕೋರ್ಟಿಗೆ ಹೋಗುವ ಗಡುವು ಸಾಮಾನ್ಯವಾಗಿ ಆರು ತಿಂಗಳು, ಹೆರಿಗೆಯ ಗಡಿಬಿಡಿಯಲ್ಲಿ ಅದು ಕಳೆದೇ ಹೋಗುತ್ತದೆ.

ಕೋರ್ಟಿಗಿಂತ ಮುಂಚೆ ದೂರಿನ ದಾರಿ ಇದೆ. ಮೊದಲು ಆ ಸಂಸ್ಥೆಯದೇ ದೂರು ವಿಭಾಗ. ವಿಶ್ವವಿದ್ಯಾಲಯದ ಹಾಲ್ಸ್ ಆಗಿದ್ದು, ಅಲ್ಲಿನ ಕ್ರಮ ಮುಗಿದರೂ ಸಮಾಧಾನ ಆಗದಿದ್ದರೆ ಉನ್ನತ ಶಿಕ್ಷಣದ ಸ್ವತಂತ್ರ ತೀರ್ಪುಗಾರರ ಕಚೇರಿಗೆ ಹೋಗಬಹುದು. ಅದನ್ನು ಚಿಕ್ಕದಾಗಿ ಓಐಎ ಅಂತಾರೆ. ಕ್ರಮ ಮುಗಿಯಿತು ಅಂತ ವಿಶ್ವವಿದ್ಯಾಲಯ ಕೊಡುವ ಪತ್ರದ ದಿನದಿಂದ 12 ತಿಂಗಳ ಸಮಯ ಇರುತ್ತದೆ. ದೂರು ಲೆಟಿಂಗ್ ಏಜೆಂಟ್ (ಮನೆ ಬಾಡಿಗೆಗೆ ಕೊಡಿಸುವವರು) ಮೇಲಾಗಿದ್ದರೆ ಅವರು ಸೇರಿರುವ ದೂರು ಪರಿಹಾರ ಯೋಜನೆಗೆ ಬರೆಯಬಹುದು, ಇಂಗ್ಲೆಂಡಿನ ಏಜೆಂಟರು ಒಂದಕ್ಕೆ ಸೇರಲೇಬೇಕು.

ವೀಸಾ ಕಡೆ ಒಂದು ಕಣ್ಣು

ಕೋರ್ಸ್ ನಿಲ್ಲಿಸಿದರೆ ಹಾಲ್ಸ್ ಬಿಡುವುದು ಸುಲಭ ಅಂತ ಓದಿ ಕೆಲವರು ಬಾಡಿಗೆಗೋಸ್ಕರ ಓದಿಗೆ ಬ್ರೇಕ್ ಹಾಕಲು ಹೊರಡುತ್ತಾರೆ. ಇದನ್ನು ಮಾತ್ರ ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ಕೇಳದೆ ಮಾಡಬೇಡಿ. ವಿದ್ಯಾರ್ಥಿ ವೀಸಾದಲ್ಲಿ ಇರುವವರು 60 ದಿನಕ್ಕಿಂತ ಹೆಚ್ಚು ಓದು ನಿಲ್ಲಿಸಿದರೆ ಸಾಮಾನ್ಯವಾಗಿ ವಿಶ್ವವಿದ್ಯಾಲಯ ಸ್ಪಾನ್ಸರ್‌ಶಿಪ್, ಅಂದರೆ ವೀಸಾಕ್ಕೆ ತಾನು ಕೊಟ್ಟ ಪ್ರಾಯೋಜಕತ್ವವನ್ನು ಹಿಂದಕ್ಕೆ ತಗೊಳ್ಳಬೇಕು. ಆಗ ವೀಸಾ ಮೊಟಕಾಗುತ್ತದೆ, ದೇಶ ಬಿಡಬೇಕಾಗುತ್ತದೆ, ಮತ್ತೆ ಬರಲು ಹೊಸ ವೀಸಾ, ಹೊಸ ಫೀಸು. ಊರಿಗೆ ಹೋಗಿ ಹೆರಿಗೆ ಮುಗಿಸಿ ಬರುವ ಯೋಚನೆ ಇದ್ದವರಿಗೆ ಇದು ಒಗ್ಗಬಹುದು. ಇಲ್ಲೇ ಹೆರಿಗೆ ಅಂದುಕೊಂಡವರಿಗೆ ಇದರಿಂದ ದೊಡ್ಡ ಪೆಟ್ಟು. ಮನೆ ಬದಲಿಸಿದರೆ ಹೊಸ ವಿಳಾಸವನ್ನು ವಿಶ್ವವಿದ್ಯಾಲಯದ ದಾಖಲೆಯಲ್ಲಿ ತಕ್ಷಣ ತಿದ್ದಿಸಿ. ಅದು ಸ್ಪಾನ್ಸರ್‌ಶಿಪ್ ನಿಯಮದ ಭಾಗ.

ಒಪ್ಪಿದ ಮೇಲೆ

ಒಪ್ಪಿದರು ಅನ್ನುವ ಖುಷಿಯಲ್ಲಿ ಕಾಗದ ಮರೆಯಬೇಡಿ. ಕರಾರು ಯಾವ ದಿನ ಮುಗಿಯುತ್ತದೆ, ಆ ದಿನದ ನಂತರದ ಬಾಡಿಗೆ ಇಲ್ಲ, ಮುಂಗಡ ಕಟ್ಟಿದ್ದು ಎಷ್ಟು ವಾಪಸ್, ಗ್ಯಾರಂಟರ್‌ನ ಹೊಣೆ ಅದೇ ದಿನ ಮುಗಿಯಿತು. ಈ ನಾಲ್ಕೂ ಬರಹದಲ್ಲಿ ಇರಬೇಕು. ಜಂಟಿ ಕರಾರಾದರೆ ಎಲ್ಲರ ಸಹಿ ಬೇಕು. ಗ್ಯಾರಂಟರ್‌ನ ಸಾಲನ್ನು ಏಜೆಂಟರು ತಾವಾಗಿ ಬರೆಯುವುದು ಕಡಿಮೆ, ಕೇಳಿ ಬರೆಸಿ. ಹೊಸ ಮನೆಗೆ ಬೇಕಾಗುವ ರೆಫರೆನ್ಸ್ ಪತ್ರವನ್ನೂ ಇದೇ ಬಿಸಿಯಲ್ಲಿ ಕೇಳಿಬಿಡಿ.

ಬಿಡುವ ದಿನದವರೆಗೆ ಬಾಡಿಗೆ ಕಟ್ಟುತ್ತಾ ಇರಿ. "ಕೊನೇ ತಿಂಗಳು ಡೆಪಾಸಿಟ್‌ನಲ್ಲಿ ಹಿಡಿದುಕೊಳ್ಳಿ" ಅನ್ನುವುದು ಬೆಂಗಳೂರಿನಲ್ಲಿ ನಡೆದೀತು, ಇಲ್ಲಿ ಅದು ಬಾಕಿ. ಖಾಸಗಿ ಮನೆಯ ಡೆಪಾಸಿಟ್ ಸಾಮಾನ್ಯವಾಗಿ ಐದು ವಾರದ ಬಾಡಿಗೆಗಿಂತ ಜಾಸ್ತಿ ಇರುವಂತಿಲ್ಲ. ಅದನ್ನು ಮಾಲೀಕರು 30 ದಿನದೊಳಗೆ ಸರ್ಕಾರ ಒಪ್ಪಿದ ಮೂರು ರಕ್ಷಣಾ ಯೋಜನೆಗಳಲ್ಲಿ ಒಂದರಲ್ಲಿ ದಾಖಲಿಸಿರಬೇಕು. ಎಷ್ಟು ವಾಪಸ್ ಅಂತ ಇಬ್ಬರೂ ಒಪ್ಪಿದ ಮೇಲೆ 10 ದಿನದೊಳಗೆ ಹಣ ಬರಬೇಕು. ತಕರಾರಿದ್ದರೆ ಆ ಯೋಜನೆಯವರೇ ಪುಕ್ಕಟೆಯಾಗಿ ತೀರ್ಮಾನ ಮಾಡುತ್ತಾರೆ.

ಖಾಲಿ ಮಾಡುವ ದಿನ ಫೋನ್ ಹಿಡಿದು ನಿಧಾನವಾಗಿ ಒಂದು ವೀಡಿಯೋ ಮಾಡಿ. ಬಾಗಿಲಿಂದ ಶುರು ಮಾಡಿ, ಗೋಡೆ, ಕಿಟಕಿಯ ಅಂಚಿನ ಬೂಷ್ಟು, ಹಾಸಿಗೆಯ ಎರಡೂ ಬದಿ, ಓವನ್ ಒಳಗೆ, ಫ್ರಿಜ್‌ನಲ್ಲಿ ನಿಮ್ಮ ಅರೆ, ಮೀಟರಿನ ಅಂಕಿ. ಒಲೆಯ ಹಿಂದಿನ ಗೋಡೆಗೆ ಹಾರಿದ ಒಗ್ಗರಣೆಯ ಅರಿಶಿನದ ಕಲೆಗೆ ಡೆಪಾಸಿಟ್‌ನಲ್ಲಿ ಮುರಿದುಕೊಳ್ಳುವುದು ಮಾಮೂಲು, ಅದನ್ನು ಮುಂಚೆಯೇ ಉಜ್ಜಿ ತೆಗೆಯಿರಿ. ಆದರೆ ನೀವು ಉಜ್ಜಬೇಡಿ, ಬೇರೆಯವರಿಗೆ ಹೇಳಿ. ಆ ಕ್ಲೀನರ್‌ಗಳ ಗಾಟು ಮುಚ್ಚಿದ ರೂಮಿನಲ್ಲಿ ಬಸುರಿಗೆ ಒಳ್ಳೆಯದಲ್ಲ. ಕೀ ಕೊಟ್ಟಾಗ ರಸೀದಿ ತಗೊಳ್ಳಿ, ಇಲ್ಲವೇ ಕೀ ಕೊಡುತ್ತಿರುವ ಫೋಟೋ ಇಮೇಲ್ ಮಾಡಿ.

ಕೌನ್ಸಿಲ್ ಟ್ಯಾಕ್ಸ್ (ಸ್ಥಳೀಯ ಆಡಳಿತಕ್ಕೆ ಕಟ್ಟುವ ಮನೆ ತೆರಿಗೆ) ಬಗ್ಗೆ: ಪೂರ್ಣಾವಧಿ ವಿದ್ಯಾರ್ಥಿಗಳೇ ಇರುವ ಮನೆಗೆ ಅದು ಇಲ್ಲ. ಡಿಪೆಂಡೆಂಟ್ ವೀಸಾದ (ನಿಮ್ಮ ವೀಸಾದ ಆಧಾರದ ಮೇಲೆ ಬಂದ) ಗಂಡನ ಜೊತೆ ಹೊಸ ಮನೆಗೆ ಹೋದರೂ, ಸರ್ಕಾರಿ ನೆರವು ಪಡೆಯುವಂತಿಲ್ಲ ಅನ್ನುವ ಷರತ್ತು ಅವರ ವೀಸಾದಲ್ಲಿದ್ದರೆ ಅವರನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೌನ್ಸಿಲ್ ತಾನಾಗಿ ಬಿಡುವುದಿಲ್ಲ, ಅರ್ಜಿ ಹಾಕಬೇಕು.

ಕೊನೆಗೆ ಜಿಪಿ ಮತ್ತು ಮಿಡ್‌ವೈಫ್‌ರಿಗೆ ಹೊಸ ವಿಳಾಸ ಕೊಡಿ. ಸ್ಕ್ಯಾನ್ ದಿನದ ಪತ್ರಗಳು ಅಂಚೆಯಲ್ಲಿ ಬರುವುದೂ ಉಂಟು, ಹಳೇ ಹಾಲ್ಸ್‌ನ ಲಾಕರ್‌ನಲ್ಲಿ ಬಿದ್ದಿದ್ದರೆ ಯಾರೂ ತಿಳಿಸುವುದಿಲ್ಲ. ರಾಯಲ್ ಮೇಲ್‌ಗೆ ಹಣ ಕಟ್ಟಿದರೆ ನಿಮ್ಮ ಹೆಸರಿನ ಪತ್ರಗಳನ್ನು ಹೊಸ ವಿಳಾಸಕ್ಕೆ ತಿರುಗಿಸುತ್ತಾರೆ, ಆದರೆ ಹಾಲ್ಸ್‌ನಂಥ ಕಟ್ಟಡಗಳಿಗೆ ಅದು ನಡೆಯುತ್ತದೆಯೇ ಅಂತ ಮೊದಲು ವಿಚಾರಿಸಿ. ಬೇರೆ ಊರಿಗೆ ಹೋಗುವುದಾದರೆ ಆಸ್ಪತ್ರೆಯೇ ಬದಲಾಗುತ್ತದೆ. ಮಿಡ್‌ವೈಫ್ ಹತ್ತಿರ ನಿಮ್ಮ ಬಸುರಿನ ದಾಖಲೆಗಳನ್ನು ಹೊಸ ಆಸ್ಪತ್ರೆಗೆ ಕಳಿಸಲು ಹೇಳಿ, ಒಂದು ಪ್ರತಿ ನಿಮ್ಮ ಕೈಲೂ ಇರಲಿ. ಭಾರತಕ್ಕೆ ಹೊರಟವರು ಆ ಪ್ರತಿಯನ್ನು ಕ್ಯಾಬಿನ್ ಬ್ಯಾಗಿನಲ್ಲೇ ಇಟ್ಟುಕೊಳ್ಳಿ. ವಿಮಾನ ಹತ್ತಿಸುವವರೂ ಕೇಳಬಹುದು, ಊರಿನ ಡಾಕ್ಟರೂ ಕೇಳುತ್ತಾರೆ.